ತೆರಿಗೆ ಬಗ್ಗೆ ಹೈಕೋರ್ಟ್ ತೀರ್ಪು ಬಂತು. ಅದು ನಿಮ್ಮ ಕಂದಾಯದ ನೋಟಿಸಿಗೆ ತಾಗುತ್ತದೆಯೇ? ದಾವಣಗೆರೆ, ಚಿತ್ರದುರ್ಗದವರಿಗೊಂದು ಮಾರ್ಗದರ್ಶಿ

“ಈ ತೆರಿಗೆ ಹಾಕೋ ಅಧಿಕಾರಾನೇ ಇಲ್ಲ ಅಂತ ಹೈಕೋರ್ಟ್ ಹೇಳೈತಂತೆ.” ಇಂಥ ಸುದ್ದಿ ಮೊಬೈಲಿಗೆ ಬಂದ ಮರುದಿನವೇ ಕಂದಾಯ ಕಟ್ಟುವುದನ್ನು ನಿಲ್ಲಿಸುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ಆ ತೀರ್ಪು ಬೇರೆ ಕಾಯ್ದೆಗೆ ಸೇರಿದ್ದು, ಬೇರೆ ತೆರಿಗೆಗೆ ಸೇರಿದ್ದು ಎಂದು ಗೊತ್ತಾಗುವುದು ದಂಡ ಸೇರಿದ ಬಿಲ್ಲು ಕೈಗೆ ಬಂದ ಮೇಲೆ. ಇನ್ನು ಕೆಲವರು ಕೌಂಟರಿನಲ್ಲಿ ಕೇಳಿದರು ಎಂಬ ಒಂದೇ ಕಾರಣಕ್ಕೆ, ಕಾನೂನಿನಲ್ಲಿ ಎಲ್ಲೂ ಇಲ್ಲದ ಶುಲ್ಕವನ್ನೂ ಕಟ್ಟಿ ಬರುತ್ತಾರೆ. ಇಬ್ಬರಿಗೂ ನಷ್ಟವಾಗುವುದು ಒಂದೇ ಪ್ರಶ್ನೆಯನ್ನು ಕೇಳದೇ ಹೋದದ್ದರಿಂದ: ಯಾವ ಕಾಯ್ದೆ, ಯಾವ ಸೆಕ್ಷನ್?

ಸಂವಿಧಾನದ 265ನೇ ವಿಧಿ ಬಹಳ ಚಿಕ್ಕದು. ಕಾನೂನಿನ ಬಲವಿಲ್ಲದೆ ಯಾವ ತೆರಿಗೆಯನ್ನೂ ಹಾಕಬಾರದು, ವಸೂಲು ಮಾಡಬಾರದು ಎನ್ನುತ್ತದೆ. ಪಾಲಿಕೆಗಾಗಲಿ ಪಂಚಾಯ್ತಿಗಾಗಲಿ ತೆರಿಗೆ ಹಾಕುವ ಅಧಿಕಾರ ಹುಟ್ಟಿನಿಂದ ಬಂದದ್ದಲ್ಲ. 1993ರಲ್ಲಿ ಜಾರಿಗೆ ಬಂದ 73 ಮತ್ತು 74ನೇ ತಿದ್ದುಪಡಿಗಳು ಸೇರಿಸಿದ 243-ಎಚ್ ಮತ್ತು 243-ಎಕ್ಸ್ ವಿಧಿಗಳೂ ಇದನ್ನೇ ಹೇಳುತ್ತವೆ. ರಾಜ್ಯದ ಶಾಸಕಾಂಗ ಕಾಯ್ದೆ ಮಾಡಿ ಎಷ್ಟು ಅಧಿಕಾರ ಕೊಡುತ್ತದೋ ಸ್ಥಳೀಯ ಸಂಸ್ಥೆಗೆ ಅಷ್ಟೇ ಅಧಿಕಾರ. ಹೈಕೋರ್ಟಿನಲ್ಲಿ ನಡೆಯುವ ಸ್ಥಳೀಯ ತೆರಿಗೆ ವ್ಯಾಜ್ಯಗಳಲ್ಲಿ ಹೆಚ್ಚಿನವು ಈ ಅಳತೆಯ ಮೇಲೆಯೇ ನಿಂತಿರುತ್ತವೆ.

1. ನೋಟಿಸ್ ಯಾವ ಕಚೇರಿಯಿಂದ ಬಂದಿದೆ?

ದಾವಣಗೆರೆ ಮಹಾನಗರ ಪಾಲಿಕೆ ನಡೆಯುವುದು ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್‌ಗಳ ಕಾಯ್ದೆ, 1976ರ ಮೇಲೆ. ಹರಿಹರ, ಚಿತ್ರದುರ್ಗ, ಹಿರಿಯೂರು, ಚಳ್ಳಕೆರೆಯ ನಗರಸಭೆಗಳು, ಚನ್ನಗಿರಿ, ಹೊಸದುರ್ಗದಂಥ ಪುರಸಭೆಗಳು, ಜಗಳೂರು, ಮೊಳಕಾಲ್ಮೂರಿನಂಥ ಪಟ್ಟಣಗಳ ಸಂಸ್ಥೆಗಳು ಕರ್ನಾಟಕ ಪೌರಸಭೆಗಳ ಕಾಯ್ದೆ, 1964ಕ್ಕೆ ಸೇರಿದವು. ಆನಗೋಡು, ಸಿರಿಗೆರೆಯಂಥ ಊರುಗಳ ಗ್ರಾಮ ಪಂಚಾಯ್ತಿಗಳಿಗೆ 1993ರ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ ಅನ್ವಯಿಸುತ್ತದೆ. ಈ ಮೂರು ಕಾಯ್ದೆಗಳಲ್ಲಿ ತೆರಿಗೆಗಳ ಪಟ್ಟಿ ಬೇರೆ, ಸೆಕ್ಷನ್ ಸಂಖ್ಯೆ ಬೇರೆ, ವಿಧಿಸುವ ಕ್ರಮವೂ ಬೇರೆ.

ಪಾಲಿಕೆಯ ತೆರಿಗೆಗಳಿಗೆ ಮೂಲ 1976ರ ಕಾಯ್ದೆಯ 103ನೇ ಸೆಕ್ಷನ್. ನಗರಸಭೆ, ಪುರಸಭೆಗಳಿಗೆ 1964ರ ಕಾಯ್ದೆಯ 94ನೇ ಸೆಕ್ಷನ್. ಗ್ರಾಮ ಪಂಚಾಯ್ತಿಗೆ 1993ರ ಕಾಯ್ದೆಯ 199ನೇ ಸೆಕ್ಷನ್ ಮತ್ತು ಗರಿಷ್ಠ ದರಗಳನ್ನು ಹೇಳುವ ನಾಲ್ಕನೇ ಅನುಸೂಚಿ. 199ರಲ್ಲಿ ಗಮನಿಸಬೇಕಾದ ಮಾತೊಂದಿದೆ: ಕಟ್ಟಡಗಳಿಗೆ ಮತ್ತು ಕೃಷಿ ಕಂದಾಯಕ್ಕೆ ಒಳಪಡದ ಜಮೀನುಗಳಿಗೆ ಮಾತ್ರ ಪಂಚಾಯ್ತಿ ಈ ತೆರಿಗೆ ಹಾಕಬಹುದು. ಹೊಲದಂಚಿನ ಶೆಡ್ಡಿಗೆ ನೋಟಿಸ್ ಬಂದರೆ ಪಹಣಿ, ಭೂ ಪರಿವರ್ತನೆ ಆದೇಶ ಇದ್ದರೆ ಅದು, ಶೆಡ್ಡಿನಲ್ಲಿ ಏನು ನಡೆಯುತ್ತದೆ ಎಂಬುದರ ಫೋಟೊ, ಈ ಮೂರನ್ನೂ ಮೊದಲೇ ಕೂಡಿಟ್ಟುಕೊಳ್ಳಿ. ವಾದವೆಲ್ಲ ಅವುಗಳ ಮೇಲೆಯೇ ನಡೆಯುವುದು.

ದಾವಣಗೆರೆ–ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ದೂಡಾ, ಕೇಳುವ ಅಭಿವೃದ್ಧಿ ಶುಲ್ಕವಾಗಲಿ, ಎಪಿಎಂಸಿ ಯಾರ್ಡಿನ ಮಾರುಕಟ್ಟೆ ಶುಲ್ಕವಾಗಲಿ ಪಾಲಿಕೆ ತೆರಿಗೆಯಲ್ಲ. ಅವುಗಳ ಕಾಯ್ದೆಗಳೇ ಬೇರೆ. ನೋಟಿಸಿನ ತಲೆಬರಹ ಓದದೆ ಯಾವ ತೀರ್ಪನ್ನೂ ಅದಕ್ಕೆ ಜೋಡಿಸಬೇಡಿ.

2. ಕೇಳುತ್ತಿರುವುದು ತೆರಿಗೆಯೋ, ಸೆಸ್ಸೋ, ಶುಲ್ಕವೋ?

ಜನ ಎಲ್ಲವನ್ನೂ ‘ಕಂದಾಯ’ ಎಂದೇ ಕರೆಯುತ್ತಾರೆ, ಸಂತೆಯಲ್ಲಾದರೆ ‘ಜಕಾತಿ’. ಕೋರ್ಟಿಗೆ ಈ ವ್ಯತ್ಯಾಸ ದೊಡ್ಡದು. ನಮ್ಮ ಉಡುಪಿಯ ಶಿರೂರು ಮಠದ 1954ರ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು: ತೆರಿಗೆ ಎಂದರೆ ಪ್ರತಿಯಾಗಿ ಇಂಥದ್ದೇ ಸೇವೆ ಕೊಡುತ್ತೇವೆ ಎಂಬ ಕರಾರಿಲ್ಲದ ಕಡ್ಡಾಯ ವಸೂಲಿ, ಶುಲ್ಕಕ್ಕೆ ಸೇವೆಯೊಂದಿಗೆ ಸಂಬಂಧ ಇರಬೇಕು. ಮುಂದಿನ ವರ್ಷಗಳಲ್ಲಿ ಈ ಮಾತು ಸಡಿಲವಾಗುತ್ತ ಬಂತು. ಉದ್ದಿಮೆ ಪರವಾನಗಿಯಂಥ ನಿಯಂತ್ರಣ ಶುಲ್ಕಕ್ಕೆ ಪೈಸೆಗೆ ಪೈಸೆ ಲೆಕ್ಕದ ಸೇವೆ ಬೇಕಿಲ್ಲ, ಮಿತಿಮೀರಿರಬಾರದು, ಅಷ್ಟೇ. ಹಾಗಾಗಿ “ನಮ್ಮ ಬೀದಿಗೆ ಚರಂಡಿ ಇಲ್ಲ, ಆಸ್ತಿ ತೆರಿಗೆ ಕಟ್ಟುವುದಿಲ್ಲ” ಎಂಬ ವಾದ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಅದು ನ್ಯಾಯವಾದ ದೂರು, ನಿಜ. ತೆರಿಗೆ ರದ್ದಾಗಲು ಮಾತ್ರ ಅಷ್ಟು ಸಾಲದು.

ಶುಲ್ಕಕ್ಕೂ ಕಾಯ್ದೆಯ ಆಧಾರ ಬೇಕೇ ಬೇಕು. ಅಹಮದಾಬಾದ್ ನಗರಾಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ (1992) ಸುಪ್ರೀಂ ಕೋರ್ಟ್ ಇದನ್ನು ಖಚಿತಪಡಿಸಿತು: ಅಭಿವೃದ್ಧಿ ಕೆಲಸಕ್ಕೆ ಹಣ ಬೇಕು ಎಂಬ ಕಾರಣದಿಂದ ಶುಲ್ಕ ಹಾಕುವ ಅಧಿಕಾರ ತಾನಾಗಿ ಹುಟ್ಟುವುದಿಲ್ಲ, ಕಾಯ್ದೆಯಲ್ಲಿ ಸ್ಪಷ್ಟವಾಗಿ ಇರಬೇಕು. “ಸುತ್ತೋಲೆ ಬಂದಿದೆ” ಎಂದು ಯಾರಾದರೂ ಹೇಳಿದರೆ, ಆ ಸುತ್ತೋಲೆ ಯಾವ ಸೆಕ್ಷನ್ ಅಡಿ ಹೊರಟಿದೆ ಎಂದು ಕೇಳಿ. ಬರೀ ಸುತ್ತೋಲೆಯಿಂದ ತೆರಿಗೆ ಹುಟ್ಟುವುದಿಲ್ಲ.

ಸೆಸ್ ಎಂದರೆ ಗೊತ್ತಾದ ಒಂದು ಕೆಲಸಕ್ಕೆಂದು ತೆರಿಗೆಯ ಮೇಲೆ ಸೇರಿಸುವ ಉಪಕರ. ಇವುಗಳದ್ದು ಸುಲಭ. ಆಸ್ತಿ ತೆರಿಗೆಯ ಮೇಲೆ ಬರುವ ಆರೋಗ್ಯ ಸೆಸ್ ಶೇ. 15, ಗ್ರಂಥಾಲಯ ಸೆಸ್ ಶೇ. 6, ಭಿಕ್ಷುಕರ ಸೆಸ್ ಶೇ. 3. ಒಂದೊಂದರ ಹಿಂದೆಯೂ ಪ್ರತ್ಯೇಕ ರಾಜ್ಯ ಕಾಯ್ದೆಯಿದೆ. ಗ್ರಂಥಾಲಯ ಸೆಸ್ಸಿಗೆ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ, ಭಿಕ್ಷುಕರ ಸೆಸ್ಸಿಗೆ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ. ಬಿಲ್ಲಿನಲ್ಲಿ ಇವುಗಳ ಜತೆ ಬೇರೆ ಸೆಸ್ ಕಂಡರೆ ಅದರ ಕಾಯ್ದೆ ಯಾವುದೆಂದು ಬರೆದು ಕೇಳಿ.

3. ತೀರ್ಪನ್ನು ಓದುವ ಕ್ರಮ

ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ಕೊಡಿ, ಏಕೆಂದರೆ ತಪ್ಪು ಆಗುವುದೇ ಇಲ್ಲಿ. ಪತ್ರಿಕೆಯ ತಲೆಬರಹ ಬಿಡಿ, ಹೈಕೋರ್ಟಿನ ವೆಬ್‌ಸೈಟಿನಿಂದ ಮೂಲ ಆದೇಶ ಇಳಿಸಿಕೊಳ್ಳಿ. ರಿಟ್ ಅರ್ಜಿಯ (ಸರ್ಕಾರಿ ಸಂಸ್ಥೆಯ ಕ್ರಮವನ್ನು ಪ್ರಶ್ನಿಸಿ ನೇರವಾಗಿ ಹೈಕೋರ್ಟಿಗೆ ಹಾಕುವ ಅರ್ಜಿ) ಸಂಖ್ಯೆ, ವರ್ಷ ಗೊತ್ತಿದ್ದರೆ ಎರಡು ನಿಮಿಷದ ಕೆಲಸ. ಸಂಖ್ಯೆಯ ಮುಂದೆ ಕಂಸದಲ್ಲಿ ‘ಎಲ್‌ಬಿ-ಟ್ಯಾಕ್ಸ್’ ಎಂದಿದ್ದರೆ ಅದು ಸ್ಥಳೀಯ ಸಂಸ್ಥೆಯ ತೆರಿಗೆ ವಿಷಯ. ‘ಎಲ್‌ಬಿ-ಆರ್‌ಇಎಸ್’ ಎಂದಿದ್ದರೆ ಸ್ಥಳೀಯ ಸಂಸ್ಥೆಯ ಉಳಿದ ವಿಷಯ.

ಮೊದಲ ಪುಟದಲ್ಲಿ ಪೀಠ ಯಾವುದೆಂದು ನೋಡಿ. ಈಚಿನ ಆದೇಶಗಳ ಮೇಲೆ ಇರುವ ಉಲ್ಲೇಖ ಸಂಖ್ಯೆಯಲ್ಲಿ ‘ಕೆಎಚ್‌ಸಿ’ ಎಂದಷ್ಟೇ ಇದ್ದರೆ ಬೆಂಗಳೂರಿನ ಪ್ರಧಾನ ಪೀಠ. ಕೊನೆಗೆ ‘ಡಿ’ ಇದ್ದರೆ ಧಾರವಾಡ, ‘ಕೆ’ ಇದ್ದರೆ ಕಲಬುರಗಿ. ‘ಡಿಬಿ’ ಎಂದಿದ್ದರೆ ಇಬ್ಬರು ನ್ಯಾಯಮೂರ್ತಿಗಳ ವಿಭಾಗೀಯ ಪೀಠ. ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಅರ್ಜಿ ಹೋಗುವುದು ಬೆಂಗಳೂರಿಗೆ. ಪಕ್ಕದ ಹಾವೇರಿಯದು ಧಾರವಾಡಕ್ಕೆ. 2018ರವರೆಗೆ ದಾವಣಗೆರೆ ಜಿಲ್ಲೆಯಲ್ಲಿದ್ದ ಹರಪನಹಳ್ಳಿಯದೂ ಈಗ ಧಾರವಾಡಕ್ಕೇ. ಹಾಗೆಂದು ಧಾರವಾಡ ಪೀಠದ ತೀರ್ಪು ನಮಗೆ ಸಂಬಂಧವಿಲ್ಲ ಎಂದುಕೊಳ್ಳಬೇಡಿ. ಮೂರೂ ಒಂದೇ ಹೈಕೋರ್ಟು; ಒಂದು ಸೆಕ್ಷನ್ನಿಗೆ ಅಲ್ಲಿ ಕೊಟ್ಟ ಅರ್ಥ ಇಲ್ಲಿಗೂ ಬರುತ್ತದೆ.

ಆಮೇಲೆ ನೇರವಾಗಿ ಕೊನೆಯ ಪುಟಕ್ಕೆ ಹೋಗಿ. ಅಲ್ಲಿ ‘ಆದೇಶ’ ಎಂಬ ಭಾಗದಲ್ಲಿ ಬರುವ ಫಲಿತಾಂಶ ಸಾಮಾನ್ಯವಾಗಿ ನಾಲ್ಕರಲ್ಲಿ ಒಂದಾಗಿರುತ್ತದೆ. ಕಾಯ್ದೆಯ ಸೆಕ್ಷನ್ನೇ ಸಂವಿಧಾನಕ್ಕೆ ವಿರುದ್ಧ ಎಂದು ಬಿದ್ದಿರಬಹುದು. ಇದು ಅಪರೂಪ, ಬಂದರೆ ಎಲ್ಲರಿಗೂ ತಾಗುತ್ತದೆ. ಸೆಕ್ಷನ್ ಸರಿಯಿದೆ, ಈ ಶುಲ್ಕ ಮಾತ್ರ ಅದರೊಳಗೆ ಬರುವುದಿಲ್ಲ ಎಂದಿರಬಹುದು. ಆಗ ಅದೇ ಕಾಯ್ದೆಯಡಿ ಅದೇ ಶುಲ್ಕ ಕಟ್ಟುತ್ತಿರುವ ಎಲ್ಲರಿಗೂ ವಾದ ಸಿಗುತ್ತದೆ. ಅಧಿಕಾರ ಇದೆ, ಕ್ರಮ ತಪ್ಪಿದೆ ಎಂದಿದ್ದರೆ ಕ್ರಮ ಸರಿಪಡಿಸಿಕೊಂಡು ಮತ್ತೆ ಅದೇ ತೆರಿಗೆ ಬರುತ್ತದೆ. ನಾಲ್ಕನೆಯದು, ಆ ಅರ್ಜಿದಾರರನ್ನು ವಿಚಾರಿಸದೆ ನೋಟಿಸ್ ಕೊಟ್ಟಿದ್ದಕ್ಕೆ ನೋಟಿಸ್ ರದ್ದು, ಮತ್ತೆ ವಿಚಾರಣೆ ಮಾಡಿ ಎಂಬ ಆದೇಶ. ಇದರಿಂದ ಲಾಭ ಆ ಅರ್ಜಿದಾರರಿಗೆ ಮಾತ್ರ. ‘ಪಾಲಿಕೆ ತೆರಿಗೆ ರದ್ದು’ ಎಂದು ಹರಿದಾಡುವ ಸುದ್ದಿಯ ಹಿಂದೆ ಈ ನಾಲ್ಕನೇ ಬಗೆಯ ಆದೇಶ ಇರಬಹುದು. ಕೊನೆಯ ಪುಟ ನೋಡದೆ ನಂಬಬೇಡಿ.

ಒಂದು ತೀರ್ಪನ್ನೇ ಹಿಡಿದು ನೋಡೋಣ. ಸಂವಿಧಾನದ 2016ರ 101ನೇ ತಿದ್ದುಪಡಿ ರಾಜ್ಯಪಟ್ಟಿಯಿಂದ (ರಾಜ್ಯಗಳು ಕಾಯ್ದೆ ಮಾಡಬಹುದಾದ ವಿಷಯಗಳ ಪಟ್ಟಿ) ಜಾಹೀರಾತು ತೆರಿಗೆಯ 55ನೇ ನಮೂದನ್ನು ತೆಗೆದುಹಾಕಿತು. 2017ರ ಜುಲೈ 1ರಿಂದ ಜಿಎಸ್‌ಟಿ ಬಂತು. ಜಾಹೀರಾತಿಗೆ ಜಿಎಸ್‌ಟಿ ಕಟ್ಟಿದ ಮೇಲೂ ಪಾಲಿಕೆಗೆ ಹೋರ್ಡಿಂಗ್ ಶುಲ್ಕ ಏಕೆ ಎಂದು ಹುಬ್ಬಳ್ಳಿ–ಧಾರವಾಡದ ಜಾಹೀರಾತುದಾರರ ಸಂಘ ಧಾರವಾಡ ಪೀಠಕ್ಕೆ ಹೋಯಿತು. 2022ರಲ್ಲಿ ಏಕಸದಸ್ಯ ಪೀಠ ಹೇಳಿದ್ದು: 1976ರ ಕಾಯ್ದೆಯ 134ನೇ ಸೆಕ್ಷನ್ ಅಡಿ ಪಾಲಿಕೆ ಹಾಕುವ ಜಾಹೀರಾತು ಶುಲ್ಕಕ್ಕೂ ಜಿಎಸ್‌ಟಿಗೂ ಘರ್ಷಣೆ ಇಲ್ಲ.

ಇದನ್ನು ನಮ್ಮೂರಿಗೆ ತಂದು ನೋಡಿ. ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಹೋರ್ಡಿಂಗ್ ಇದ್ದರೆ ಕಾಯ್ದೆ ಅದೇ, ಸೆಕ್ಷನ್ ಅದೇ. “ಜಿಎಸ್‌ಟಿ ಕಟ್ಟಿದ್ದೇನೆ” ಎಂಬ ಒಂದೇ ವಾದ ಹಿಡಿದು ಹೋದರೆ ಈ ತೀರ್ಪು ಎದುರಿಗೆ ನಿಲ್ಲುತ್ತದೆ. ಚಿತ್ರದುರ್ಗ ನಗರಸಭೆಯ ಹೋರ್ಡಿಂಗಿಗೆ 1964ರ ಕಾಯ್ದೆ. ತೀರ್ಪಿನ ತರ್ಕ ನಗರಸಭೆಗೆ ಸಹಾಯಕ್ಕೆ ಬರಬಹುದು, ಆದರೆ ಆ ಕಾಯ್ದೆಯ ಸೆಕ್ಷನ್ ಏನು ಹೇಳುತ್ತದೆ ಎಂದು ನಗರಸಭೆ ತೋರಿಸಬೇಕು. ಹೆದ್ದಾರಿ ಬದಿಯ ಗ್ರಾಮ ಪಂಚಾಯ್ತಿಯಾದರೆ 1993ರ ಕಾಯ್ದೆಯನ್ನು ಹೊಸದಾಗಿ ಓದಬೇಕು. ಒಂದೇ ತೀರ್ಪು, ಸುಮಾರು ಅರವತ್ತು ಕಿಲೋಮೀಟರ್ ಅಂತರದಲ್ಲಿ ಮೂರು ಬೇರೆ ಉತ್ತರ.

ಮೊಬೈಲ್ ಟವರಿನದೂ ಹೀಗೇ. ‘ಜಮೀನು ಮತ್ತು ಕಟ್ಟಡಗಳ ಮೇಲಿನ ತೆರಿಗೆ’ ಎಂಬ ರಾಜ್ಯಪಟ್ಟಿಯ 49ನೇ ನಮೂದಿನಲ್ಲಿ ಟವರ್ ಕೂಡ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 2016ರ ಡಿಸೆಂಬರಿನಲ್ಲಿ, ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ ಹೇಳಿತು. ಖನಿಜ ಇರುವ ಭೂಮಿಗೆ ರಾಜ್ಯಗಳು ತೆರಿಗೆ ಹಾಕಬಹುದು ಎಂದು 9 ನ್ಯಾಯಮೂರ್ತಿಗಳ ಪೀಠ 2024ರ ಜುಲೈ 25ರಂದು 8:1 ಬಹುಮತದಿಂದ ಹೇಳಿದ್ದೂ ಇದೇ 49ನೇ ನಮೂದಿನ ಆಧಾರದ ಮೇಲೆ. ಭೀಮಸಮುದ್ರದ ಸುತ್ತಲಿನ ಗಣಿ ಊರುಗಳವರಿಗೆ ಇದು ಮುಖ್ಯ. ಆದರೆ ಅಧಿಕಾರ ಸಿಕ್ಕಿದ್ದು ರಾಜ್ಯದ ಶಾಸಕಾಂಗಕ್ಕೆ. ಶಾಸಕಾಂಗ ಕಾಯ್ದೆ ಮಾಡಿ ಕೆಳಗೆ ಕೊಡುವ ತನಕ ಪಂಚಾಯ್ತಿಯ ಠರಾವಿನಿಂದ ಗಣಿ ಭೂಮಿಗೆ ಹೊಸ ತೆರಿಗೆ ಹುಟ್ಟುವುದಿಲ್ಲ.

ಕಡೆಯದಾಗಿ, ತೀರ್ಪಿನ ಮೇಲೆ ಮೇಲ್ಮನವಿ ಆಗಿದೆಯೇ, ತಡೆಯಾಜ್ಞೆ ಇದೆಯೇ ನೋಡಿ. ಏಕಸದಸ್ಯ ಪೀಠದ ಆದೇಶದ ಮೇಲೆ 30 ದಿನದೊಳಗೆ ರಿಟ್ ಮೇಲ್ಮನವಿ ಹಾಕಬಹುದು; ತಡವಾದರೂ ಕಾರಣ ಕೊಟ್ಟು ಹಾಕುವುದುಂಟು. ತೀರ್ಪು ಬಂದ ವಾರದಲ್ಲೇ ಅದನ್ನು ನೆಚ್ಚಿ ಕೂರುವುದು ಅಪಾಯ.

4. ಅಧಿಕಾರ ಇದ್ದರೂ ಲೆಕ್ಕ ಸರಿಯಿದೆಯೇ?

1985ರ ಗೋವಿಂದ ಸರನ್ ಗಂಗಾ ಸರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೆರಿಗೆಗೆ ನಾಲ್ಕು ಅಂಗಗಳನ್ನು ಹೇಳಿತು: ಯಾವುದರ ಮೇಲೆ, ಯಾರ ಮೇಲೆ, ಯಾವ ದರದಲ್ಲಿ, ಯಾವ ಮೌಲ್ಯದ ಮೇಲೆ. ಇವುಗಳಲ್ಲಿ ಒಂದು ಅಸ್ಪಷ್ಟವಾದರೂ ತೆರಿಗೆ ಕುಸಿಯುತ್ತದೆ. ಬಿಲ್ಲನ್ನು ಮುಂದಿಟ್ಟುಕೊಂಡು ಈ ನಾಲ್ಕನ್ನೂ ಪೆನ್ನಿನಲ್ಲಿ ಗುರುತು ಮಾಡಿ.

ನಗರ ಸಂಸ್ಥೆಗಳಲ್ಲಿ ಆಸ್ತಿ ತೆರಿಗೆ ಸ್ವಯಂ ಘೋಷಣೆಯ ಪದ್ಧತಿ. 2020ರ ತಿದ್ದುಪಡಿಯ ನಂತರ ಉಪ ನೋಂದಣಾಧಿಕಾರಿ ಕಚೇರಿಯ ಮಾರ್ಗಸೂಚಿ ದರದ (ಆಸ್ತಿ ನೋಂದಣಿಗೆ ಸರ್ಕಾರ ಗೊತ್ತುಮಾಡಿದ ಬೆಲೆ) ಮೇಲೆ ಬಂಡವಾಳ ಮೌಲ್ಯ ಕಟ್ಟಿ, ಅದರ ಶೇ. 25ಕ್ಕೆ ತೆರಿಗೆ ದರ ಹಾಕುತ್ತಾರೆ. ಲೆಕ್ಕದ ದಾರಿ ತಿಳಿಯಲೆಂದು ಸುಲಭದ ಅಂಕಿಗಳನ್ನು ತೆಗೆದುಕೊಳ್ಳೋಣ. ಇವು ಯಾವ ವಾರ್ಡಿನ ದರವೂ ಅಲ್ಲ. 30×40ರ ನಿವೇಶನ, 1,200 ಚದರ ಅಡಿ, ಅಡಿಗೆ 1,000 ರೂಪಾಯಿಯಂತೆ 12,00,000. ಮನೆ 800 ಚದರ ಅಡಿ, ಅಡಿಗೆ 1,000ದಂತೆ 8,00,000; ಸವಕಳಿ, ಅಂದರೆ ಕಟ್ಟಡ ಹಳೆಯದಾದಂತೆ ಇಳಿಯುವ ಬೆಲೆ, ಶೇ. 10 ಕಳೆದರೆ 7,20,000. ಒಟ್ಟು 19,20,000. ಅದರ ಶೇ. 25 ಎಂದರೆ 4,80,000. ದರ ಶೇ. 0.5 ಎಂದಾದರೆ ತೆರಿಗೆ 2,400. ಮೇಲೆ ಹೇಳಿದ ಮೂರು ಸೆಸ್ ಸೇರಿ ಶೇ. 24, ಅಂದರೆ 576. ಒಟ್ಟು 2,976 ರೂಪಾಯಿ.

ಏಪ್ರಿಲ್‌ನಲ್ಲೇ ಕಟ್ಟಿದರೆ ತೆರಿಗೆಯ ಮೇಲೆ ಶೇ. 5 ರಿಯಾಯಿತಿ, ಇಲ್ಲಿ 120 ರೂಪಾಯಿ. ಮೇ, ಜೂನ್‌ನಲ್ಲಿ ರಿಯಾಯಿತಿಯೂ ಇಲ್ಲ, ದಂಡವೂ ಇಲ್ಲ. ಜುಲೈನಿಂದ ತಿಂಗಳಿಗೆ ಶೇ. 2, ಡಿಸೆಂಬರ್ ಕೊನೆಗೆ 6 ತಿಂಗಳಿಗೆ 288 ರೂಪಾಯಿ. ರಿಯಾಯಿತಿ ಅವಧಿಯನ್ನು ಸರ್ಕಾರ ವಿಸ್ತರಿಸುವುದುಂಟು. ಆದೇಶ ಕಣ್ಣಾರೆ ನೋಡದೆ ಅದನ್ನು ನಂಬಿ ಕೂರಬೇಡಿ. ದರವೂ ವರ್ಷಕ್ಕೆ ಶೇ. 3ರಿಂದ 5ರಷ್ಟು ಏರುತ್ತದೆ. ಹಿಂದಿನ ವರ್ಷಕ್ಕಿಂತ ಏರಿಕೆ ಇದಕ್ಕೂ ಹೆಚ್ಚಾಗಿ ಕಂಡರೆ ಕಾರಣ ಹುಡುಕಿ. ವಿಸ್ತೀರ್ಣ ಬದಲಾಗಿರಬೇಕು, ಬಳಕೆಯ ವರ್ಗ ಬದಲಾಗಿರಬೇಕು, ಮಾರ್ಗಸೂಚಿ ದರ ಬದಲಾಗಿರಬೇಕು ಅಥವಾ ಹಳೆಯ ಬಾಕಿ ಸೇರಿರಬೇಕು.

ಹೆಚ್ಚಾಗಿ ತಪ್ಪುವುದು ಇಷ್ಟು ಕಡೆ: ಮನೆಯ ಒಂದು ಕೋಣೆಯಲ್ಲಿ ಅಂಗಡಿ ಇದ್ದರೆ ಇಡೀ ಮನೆಯನ್ನು ವಾಣಿಜ್ಯ ಎಂದು ಬರೆದಿರುವುದು, ಕಟ್ಟಿದ ವರ್ಷ ತಪ್ಪಾಗಿ ಸವಕಳಿ ಕಡಿಮೆಯಾಗಿರುವುದು, ಚದರ ಮೀಟರ್, ಚದರ ಅಡಿ ಅದಲು ಬದಲಾಗಿರುವುದು, ನೀರಿನ ಬಾಕಿಯನ್ನು ತೆರಿಗೆ ಬಾಕಿಗೆ ಸೇರಿಸಿ ಅದರ ಮೇಲೂ ದಂಡ ಹಾಕಿರುವುದು, ಪಂಚಾಯ್ತಿಯಿಂದ ನಗರ ಸಂಸ್ಥೆಗೆ ಸೇರಿದ ಬಡಾವಣೆಗಳಲ್ಲಿ ಒಂದೇ ವರ್ಷಕ್ಕೆ ಎರಡೂ ಕಡೆ ಬೇಡಿಕೆ ಬಂದಿರುವುದು. ಕೊನೆಯದಕ್ಕೆ ಮದ್ದು ಹಳೆಯ ರಸೀದಿ. ಪಂಚಾಯ್ತಿ ರಸೀದಿ, ಪಂಚಾಯ್ತಿಯ ಆಸ್ತಿ ದಾಖಲೆಗಳಾದ ನಮೂನೆ 9 ಮತ್ತು 11ರ ಪ್ರತಿ ಎಂದಿಗೂ ಎಸೆಯಬೇಡಿ.

ವರ್ಗೀಕರಣದ ಬಗ್ಗೆ ಗಟ್ಟಿ ವಾದ ಬೇಕಾದವರಿಗೆ ಕೇರಳದ ಹಾಜಿ ಕುಟ್ಟಿ ನಹಾ ಪ್ರಕರಣ ಇದೆ. ಕಟ್ಟಡ ಎಲ್ಲಿದೆ, ಯಾತಕ್ಕೆ ಬಳಸುತ್ತಾರೆ, ಎಷ್ಟು ಬೆಲೆಬಾಳುತ್ತದೆ ಎಂಬುದೊಂದನ್ನೂ ನೋಡದೆ, ಬರೀ ನೆಲದ ವಿಸ್ತೀರ್ಣಕ್ಕೆ ಒಂದೇ ದರ ಹಾಕಿದ್ದನ್ನು ಸುಪ್ರೀಂ ಕೋರ್ಟ್ 14ನೇ ವಿಧಿಯ ಸಮಾನತೆಗೆ ವಿರುದ್ಧ ಎಂದಿತು. ದಾವಣಗೆರೆಯ ಮಂಡಕ್ಕಿ ಭಟ್ಟಿಯ ತಗಡಿನ ಶೆಡ್ಡನ್ನೂ ಪಿ.ಬಿ. ರಸ್ತೆಯ ಗಾಜಿನ ಶೋರೂಮನ್ನೂ ಒಂದೇ ತಕ್ಕಡಿಗೆ ಹಾಕಿದರೆ ಎತ್ತಬೇಕಾದ ಮಾತು ಇದೇ.

5. ಕಾಗದ ತೆಗೆಸಿ

ಹೊಸ ತೆರಿಗೆ ಅಥವಾ ಹೊಸ ದರಕ್ಕೆ ಠರಾವು, ಪ್ರಕಟಣೆ, ಆಕ್ಷೇಪಣೆಗೆ ಅವಕಾಶ, ಅಧಿಸೂಚನೆ ಎಂದು ಆಯಾ ಕಾಯ್ದೆ ಹಂತಗಳನ್ನು ಹೇಳಿರುತ್ತದೆ. ಯಾವ ಹಂತ ತಪ್ಪಿದರೆ ತೆರಿಗೆ ಬೀಳುತ್ತದೆ? 1965ರ ರಜಾ ಬುಲಂದ್ ಶುಗರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಗೆರೆ ಎಳೆದಿದೆ. ತೆರಿಗೆಯ ಪ್ರಸ್ತಾವವನ್ನು ಜನರ ಮುಂದೆ ಪ್ರಕಟಿಸುವುದು ಕಡ್ಡಾಯ; ಪ್ರಕಟಿಸಿದ ರೀತಿಯಲ್ಲಿ ಸಣ್ಣ ಲೋಪವಿದ್ದರೆ ಕ್ಷಮಿಸಬಹುದು. ಆದ್ದರಿಂದ ‘ಚಿಕ್ಕ ಪತ್ರಿಕೆಯಲ್ಲಿ ಹಾಕಿದರು’ ಎಂಬುದಕ್ಕಿಂತ ‘ಪ್ರಕಟಿಸಲೇ ಇಲ್ಲ’ ಅಥವಾ ‘ಬಂದ ಆಕ್ಷೇಪಣೆಗಳನ್ನು ನೋಡಲೇ ಇಲ್ಲ’ ಎಂಬುದಕ್ಕೆ ತೂಕ ಹೆಚ್ಚು.

ಇದನ್ನು ತಿಳಿಯಲು ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ಮೀರಿದರೆ ಅದೇ ಕಾರಣಕ್ಕೆ ವಾಪಸ್ ಬರುತ್ತದೆ. ಉತ್ತರಕ್ಕೆ 30 ದಿನ, ಆಮೇಲೆ ಮೊದಲ ಮೇಲ್ಮನವಿಗೆ ಮತ್ತೆ 30 ದಿನ. “ಏಕೆ ಹಾಕಿದ್ದೀರಿ” ಎಂದು ಕೇಳಬೇಡಿ, ದಾಖಲೆ ಕೇಳಿ. ದರ ನಿಗದಿ ಮಾಡಿದ ಸಭೆಯ ನಡವಳಿ ಮತ್ತು ಠರಾವಿನ ಪ್ರತಿ, ಅಧಿಸೂಚನೆಯ ಸಂಖ್ಯೆ ಮತ್ತು ಪ್ರತಿ, ಬಂದ ಆಕ್ಷೇಪಣೆಗಳ ಪಟ್ಟಿ ಮತ್ತು ಅವುಗಳ ಮೇಲಿನ ತೀರ್ಮಾನ, ನಿಮ್ಮ ಆಸ್ತಿಯ ಲೆಕ್ಕದ ಹಾಳೆ. ಚುನಾಯಿತ ಕೌನ್ಸಿಲ್ ಇಲ್ಲದ ಅವಧಿಯಾದರೆ ‘ಆಡಳಿತಾಧಿಕಾರಿಯವರ ನಡವಳಿ’ ಎಂದು ಬರೆಯಿರಿ, ಇಲ್ಲದಿದ್ದರೆ ‘ಅಂಥ ಸಭೆ ನಡೆದಿಲ್ಲ’ ಎಂಬ ಉತ್ತರ ಬರಬಹುದು.

6. ಆಕ್ಷೇಪಣೆ ಬರೆಯುವುದು

ನೋಟಿಸಿನಲ್ಲಿ ಎಷ್ಟು ದಿನದ ಅವಕಾಶ ಎಂದು ಬರೆದಿದೆಯೋ ಅದರೊಳಗೆ ಕೊಡಿ. ಮಾಹಿತಿ ಹಕ್ಕಿನ ಉತ್ತರಕ್ಕೆ ಕಾಯುತ್ತ ದಿನ ಮೀರಿಸಬೇಡಿ. ‘ದಾಖಲೆ ಬಂದ ಮೇಲೆ ಹೆಚ್ಚುವರಿ ಆಕ್ಷೇಪಣೆ ಸಲ್ಲಿಸುತ್ತೇನೆ’ ಎಂದು ಸೇರಿಸಿದರೆ ಆಯಿತು. ಒಕ್ಕಣೆ ಹೀಗಿರಲಿ:

“ಮಾನ್ಯ ಆಯುಕ್ತರಿಗೆ, ಮಹಾನಗರ ಪಾಲಿಕೆ, ದಾವಣಗೆರೆ. ಮಾನ್ಯರೇ, ವಿಷಯ: ಆಸ್ತಿ ಸಂಖ್ಯೆ … ಕುರಿತು ದಿನಾಂಕ … ರ ಬೇಡಿಕೆ ನೋಟಿಸಿಗೆ ಆಕ್ಷೇಪಣೆ. ಸದರಿ ನೋಟಿಸಿನಲ್ಲಿ … ಎಂಬ ಬಾಬ್ತಿಗೆ ರೂ. … ಕೇಳಲಾಗಿದೆ. ಇದನ್ನು ಯಾವ ಕಾಯ್ದೆಯ ಯಾವ ಸೆಕ್ಷನ್ ಅಡಿ ವಿಧಿಸಲಾಗಿದೆ ಎಂದು ನಮೂದಿಸಿಲ್ಲ. ಕಟ್ಟಡದ ವಿಸ್ತೀರ್ಣ … ಚದರ ಅಡಿ ಎಂದಿದ್ದು, ವಾಸ್ತವದಲ್ಲಿ … ಇರುತ್ತದೆ, ನಕ್ಷೆ ಲಗತ್ತಿಸಿದೆ. ಸ್ಥಳ ಪರಿಶೀಲಿಸಿ, ಖುದ್ದು ವಿಚಾರಣೆಗೆ ಅವಕಾಶ ನೀಡಿ, ಕಾರಣ ಸಹಿತ ಲಿಖಿತ ಆದೇಶ ಕೊಡಬೇಕೆಂದು ಕೋರುತ್ತೇನೆ.”

ಕೊನೆಯ ವಾಕ್ಯ ಬಿಡಬೇಡಿ. ವಿಚಾರಣೆ ಕೇಳಿದ್ದೂ ಕೊಡಲಿಲ್ಲ ಎಂಬುದು ಮುಂದೆ ಹೈಕೋರ್ಟಿನಲ್ಲಿ ನಿಮ್ಮ ಗಟ್ಟಿ ನೆಲೆ. ಅರ್ಜಿಯನ್ನು ಕೇಸ್ ವರ್ಕರ್ ಕೈಗೆ ಕೊಟ್ಟು ಬರಬೇಡಿ. ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ, ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳಿ. ಗ್ರಾಮ ಪಂಚಾಯ್ತಿಯಾದರೆ ಪಿಡಿಒ ಅವರಿಗೆ ಬರೆದು, ತಾಲ್ಲೂಕು ಪಂಚಾಯ್ತಿ ಕಾರ್ಯನಿರ್ವಹಣಾಧಿಕಾರಿಗೆ ಪ್ರತಿ ಕಳಿಸಿ. ಬಿಲ್ ಕಲೆಕ್ಟರ್ ಜತೆ ಮನೆ ಬಾಗಿಲಲ್ಲಿ ವಾದ ಮಾಡಿ ಫಲವಿಲ್ಲ. ದರ ಬದಲಿಸುವ ಅಧಿಕಾರ ಅವರಿಗಿಲ್ಲ.

7. ವಿವಾದ ಇರುವಾಗ ಕಟ್ಟಬೇಕೇ?

ಬಹುಪಾಲು ಸಂದರ್ಭದಲ್ಲಿ ಕಟ್ಟುವುದೇ ಲೇಸು. ವಿವಾದ ಇಲ್ಲದ ಮೊತ್ತವನ್ನು ಪೂರ್ತಿ ಕಟ್ಟಿ. ವಿವಾದದ ಭಾಗ ಸಣ್ಣದಾದರೆ ಅದನ್ನೂ ‘ಆಕ್ಷೇಪಣೆಗೆ ಒಳಪಟ್ಟು, ಹಕ್ಕುಗಳನ್ನು ಕಾಯ್ದಿರಿಸಿ ಪಾವತಿ’ ಎಂದು ಪತ್ರ ಕೊಟ್ಟು ಕಟ್ಟಿ. ಆನ್‌ಲೈನ್‌ನಲ್ಲಿ ಕಟ್ಟುವಾಗ ಹಾಗೆ ಬರೆಯಲು ಜಾಗ ಇರುವುದಿಲ್ಲ. ಆದ್ದರಿಂದ ಪತ್ರವನ್ನು ಅದೇ ದಿನ ಟಪಾಲಿನಲ್ಲಿ ಕೊಟ್ಟು, ರಸೀದಿ ಸಂಖ್ಯೆಯನ್ನು ಅದರಲ್ಲಿ ಬರೆಯಿರಿ. ಮೌನವಾಗಿ ವರ್ಷಗಟ್ಟಲೆ ಕಟ್ಟಿ, ಆಮೇಲೆ ವಾಪಸ್ ಕೇಳುವವರ ಸ್ಥಿತಿ ಕಷ್ಟ. ಬಾಕಿ ಇಟ್ಟುಕೊಂಡವರಿಗೆ ಖಾತೆ ಬದಲಾವಣೆ, ಕಟ್ಟಡ ಪರವಾನಗಿ, ಬ್ಯಾಂಕ್ ಸಾಲ ಎಲ್ಲ ಕಡೆಯೂ ತಡೆ ಬರುತ್ತದೆ.

8. ಹೈಕೋರ್ಟಿಗೆ ಯಾವಾಗ?

ಕಾಯ್ದೆಯಲ್ಲೇ ಮೇಲ್ಮನವಿಯ ದಾರಿ ಇದ್ದರೆ ಹೈಕೋರ್ಟ್ ಸಾಮಾನ್ಯವಾಗಿ ‘ಮೊದಲು ಅಲ್ಲಿಗೆ ಹೋಗಿ’ ಎನ್ನುತ್ತದೆ. ಸುಪ್ರೀಂ ಕೋರ್ಟಿನ 1998ರ ವರ್ಲ್‌ಪೂಲ್ ಪ್ರಕರಣ ಹೇಳಿದ ವಿನಾಯಿತಿಗಳು ಕೆಲವೇ: ಮೂಲಭೂತ ಹಕ್ಕಿಗೆ ಧಕ್ಕೆ, ವಿಚಾರಣೆ ಇಲ್ಲದೆ ಆದೇಶ, ಅಧಿಕಾರವೇ ಇಲ್ಲದೆ ಮಾಡಿದ ಕ್ರಮ, ಕಾಯ್ದೆಯ ಸಿಂಧುತ್ವವನ್ನೇ ಪ್ರಶ್ನಿಸುವುದು. ವಿಸ್ತೀರ್ಣ ಹೆಚ್ಚಾಗಿದೆ, ಸವಕಳಿ ಕಡಿಮೆಯಾಗಿದೆ ಎಂಬ ಲೆಕ್ಕದ ಜಗಳಕ್ಕೆ 226ನೇ ವಿಧಿಯ ರಿಟ್ ಅರ್ಜಿ ತಕ್ಕ ದಾರಿಯಲ್ಲ. ‘ಈ ಶುಲ್ಕಕ್ಕೆ ಸೆಕ್ಷನ್ನೇ ಇಲ್ಲ’ ಎಂಬುದಕ್ಕೆ ತಕ್ಕ ದಾರಿ. ಒಂದೇ ಶುಲ್ಕದಿಂದ ಬಾಧಿತರಾದ ಹತ್ತಾರು ಅಂಗಡಿಯವರು ವರ್ತಕರ ಸಂಘದ ಮೂಲಕ ಹೋದರೆ ಖರ್ಚು ಹಂಚಿಹೋಗುತ್ತದೆ, ಆದರೆ ಪ್ರತಿಯೊಬ್ಬರ ನೋಟಿಸೂ ರಸೀದಿಯೂ ಅರ್ಜಿಯ ಜತೆ ಇರಲಿ. ಸಂಘದ ಹೆಸರಿನಲ್ಲಿ ಮಾತ್ರ ಹೋಗಿ, ಆದೇಶ ಬಂದ ಮೇಲೆ ‘ನಿಮ್ಮ ಹೆಸರು ಇದರಲ್ಲಿಲ್ಲ’ ಎನ್ನಿಸಿಕೊಳ್ಳುವಂತಾಗಬಾರದು.

9. ಗೆದ್ದ ಮೇಲೆ

ಕಟ್ಟಿದ ಹಣ ತಾನಾಗಿ ವಾಪಸ್ ಬರುವುದಿಲ್ಲ. ಅರ್ಜಿಯಲ್ಲೇ ಮರುಪಾವತಿ ಕೇಳಿರಬೇಕು. ಕಾಲಮಿತಿಗೆ ಸುಪ್ರೀಂ ಕೋರ್ಟಿನ ಭೈಲಾಲ್ ಭಾಯಿ ಪ್ರಕರಣ (1964) 3 ವರ್ಷವನ್ನು ಸಾಮಾನ್ಯ ಅಳತೆಯಾಗಿ ಹೇಳಿದೆ. ಇನ್ನೊಂದು ತೊಡಕು ಮಫತ್‌ಲಾಲ್ ಪ್ರಕರಣದ (1997) ತತ್ವ: ಆ ಹಣವನ್ನು ಗಿರಾಕಿಗಳ ಬಿಲ್ಲಿನಲ್ಲಿ ಸೇರಿಸಿ ವಸೂಲು ಮಾಡಿಕೊಂಡಿದ್ದರೆ ಮರುಪಾವತಿ ನಿಮಗೆ ಸಿಗದು. ಮನೆ ಕಂದಾಯಕ್ಕೆ ಇದು ಬಾಧಿಸುವುದಿಲ್ಲ. ಜಾಹೀರಾತು, ಮಾರುಕಟ್ಟೆ ಶುಲ್ಕದವರು ತಮ್ಮ ಬಿಲ್ ಪುಸ್ತಕವನ್ನು ವಕೀಲರಿಗೆ ಮೊದಲೇ ತೋರಿಸಲಿ.

ಗೆದ್ದ ತೀರ್ಪಿನ ನಂತರ ಶಾಸಕಾಂಗ ಕಾಯ್ದೆ ತಿದ್ದಿ, ಹಿಂದಿನಿಂದಲೇ ಜಾರಿಗೆ ಬರುವಂತೆ ಆ ತೆರಿಗೆಯನ್ನು ಸಿಂಧು ಮಾಡಬಹುದು. ಭರೂಚ್ ಪುರಸಭೆಯ ತೆರಿಗೆ ಕುರಿತ ಪೃಥ್ವಿ ಕಾಟನ್ ಮಿಲ್ಸ್ ಪ್ರಕರಣದಲ್ಲಿ ಇಂಥ ಕಾಯ್ದೆಯನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು, ಒಂದು ಷರತ್ತಿನೊಂದಿಗೆ: ಕೋರ್ಟ್ ತೋರಿಸಿದ ದೋಷವನ್ನು ನಿಜವಾಗಿ ನಿವಾರಿಸಿರಬೇಕು, ‘ತೀರ್ಪು ಏನೇ ಇರಲಿ’ ಎಂದರೆ ಸಾಲದು. ಹಾಗಾಗಿ ಗೆದ್ದ ಮರುವರ್ಷ ಮತ್ತೆ ಬೇಡಿಕೆ ಬಂದರೆ ಹಳೆಯ ತೀರ್ಪನ್ನು ಹಿಡಿದು ಹೋಗುವ ಮೊದಲು, ನಡುವೆ ತಿದ್ದುಪಡಿ ಬಂದಿದೆಯೇ ಎಂದು ರಾಜ್ಯಪತ್ರದಲ್ಲಿ ನೋಡಿ.

ಮರುಪಾವತಿಯನ್ನು ನಗದಾಗಿ ಕೊಡದೆ ಮುಂದಿನ ಬಿಲ್ಲಿಗೆ ಹೊಂದಾಣಿಕೆ ಮಾಡುತ್ತೇವೆ ಎಂದರೆ ಒಪ್ಪಬಹುದು, ಬರವಣಿಗೆಯಲ್ಲಿ ಆದೇಶ ಕೊಟ್ಟರೆ ಮಾತ್ರ. ಮುಂದಿನ ಏಪ್ರಿಲ್‌ನಲ್ಲಿ ಬಿಲ್ಲು ತೆಗೆಸಿದಾಗ ಹಳೆಯ ಬಾಕಿಯ ಕಾಲಂನಲ್ಲಿ ಆ ಮೊತ್ತ ಕಳೆದಿದೆಯೇ, ಅದರ ಮೇಲೆ ಹಾಕಿದ್ದ ದಂಡವೂ ಹೋಗಿದೆಯೇ ಎಂದು ಕಟ್ಟುವ ಮೊದಲೇ ನೋಡಿ. ಆದೇಶ ಆಗಿದ್ದರೂ ಕಂಪ್ಯೂಟರಿನಲ್ಲಿ ತಿದ್ದದೆ ಉಳಿದಿದ್ದರೆ ಆದೇಶದ ಪ್ರಮಾಣೀಕೃತ ಪ್ರತಿಯನ್ನು ಕಂದಾಯ ಅಧಿಕಾರಿಗೆ ಕೊಟ್ಟು, ತಿದ್ದಿದ ಬಿಲ್ಲಿನ ಮೇಲೆಯೇ ಹಣ ಕಟ್ಟಿ.